ಇದೋ, ಅದೋ

ಹಳೇ ತಹಶೀಲ್ದಾರ ಕಚೇರಿ ಹಿಂದಿನ ಓಣ್ಯಾಗ
ಚಷ್ಮಾದ ಅಂಗಡಿ ನಮ್ಮದು. ಹತ್ತೊಂಬತ್ತು ವರ್ಷದಿಂದ
ಮಂದಿಯ ಮೂಗಿನ ಮ್ಯಾಲ ಭಾರದ ಚೌಕಟ್ಟು ಇಟ್ಟು
ಕಾಜು ಹಾಕ್ತೀನಿ, ತೆಗೀತೀನಿ, ಕೇಳ್ತೀನಿ:
‘ಇದೋ? ಅದೋ? ಯಾವುದರಾಗ ಛಂದ ಕಾಣಸ್ತದ?’
ದ್ರಾಕ್ಷಿ ತೋಟದವರು, ಅಡತಿ ಅಂಗಡಿ ಗುಮಾಸ್ತರು,
ಸೂಜಿಗೆ ದಾರ ಪೋಣಿಸಲಿಕ್ಕೆ ಆಗದ ಮುದುಕೇರು,
ಎಲ್ಲಾರನ್ನೂ ಕೇಳಬೇಕು.
ನನ್ನ ಕಣ್ಣಿಂದ ಅವರಿಗೆ ಕಾಣೂದಿಲ್ಲಲ್ಲ.

ಸುಲೋಚನಾ ಅಂತ ಅಪ್ಪ ಹೆಸರಿಟ್ಟಿದ್ದ,
ಕಸಬು ಆಮ್ಯಾಲ ಬಂತು.

ಹೋದ ವರ್ಷ ಸುಗ್ಗಿ ಹಬ್ಬ ಮುಗಿದ ಸೋಮವಾರ
ಸಾಲಿಯ ಹಲಗಿ ಮುಂದ ಇವರು ಕುಸಿದರು.
ಭಾಗಾಕಾರ ಅರ್ಧ. ಖಡು ಕೈಯಾಗ.
ಬಲಗೈ ಹೋಯ್ತು, ಮಾತು ಹೋಯ್ತು.
ಇದೇ ವಿಜಾಪುರದಾಗ, ಗುಮ್ಮಟದೊಳಗ ಯಾರೋ ಸೀನಿದರ
ಏಳು ಸಲ ಉತ್ತರ ಬರ್ತದ;
ನಮ್ಮ ಮನ್ಯಾಗ ಏಳು ಸಲ ಕರದರೂ
ಒಂದು ‘ಹೂಂ’ ಇಲ್ಲ.

ಕರ್ತನ ಕೂಡ ಚೌಕಾಸಿ ಮಾಡಿದೆ.
ಪೂರ್ತಿ ಮಾತು ಬ್ಯಾಡ, ನನ್ನ ಹೆಸರಷ್ಟ ಸಾಕು,
ಅದೂ ಅರ್ಧ ಸಾಕು, ಸುಲೂ ಅಂದರ ಸಾಕು.
ಮೂರು ತಾಸಿಗೊಮ್ಮೆ ಮಗ್ಗಲು ಬದಲಿಸಿದೆ,
ಗಂಜಿ ಕುಡಿಸಿದೆ, ಎಣ್ಣಿ ತಿಕ್ಕಿದೆ,
ಅಂಗಡಿಗೆ ಹೋಗೂಮುಂದ ಕಿವಿ ಬಾಜೂಕ ಫೋನ್ ಇಟ್ಟು
ಪ್ರಸಂಗ ಹಚ್ಚಿ ಹೋದೆ,
ಮುಂಜಾನಿಂದ ಸಂಜಿತನಕ, ದೊಡ್ಡ ದೊಡ್ಡವರ ಪ್ರಸಂಗ.
ಬಾಜೂ ಮನಿ ಜುಲೇಖಾಬಿ ಅಂದಳು:
‘ಗಿಡಕ್ಕ ನೀರು ಹಾಕಿದಂಗ ಜ್ವಾಪಾನ ಮಾಡ್ತಿ ನೀ.’
ಹೊಗಳಿಕಿ ಅಂತ ಇಟ್ಕೊಂಡೆ.

ಬುಧವಾರದ ಪ್ರಾರ್ಥನಿ. ಹನ್ನೊಂದು ಮಂದಿ. ಕರೆಂಟ್ ಇಲ್ಲ.
ಹೊಸಾ ಅಯ್ಯನವರು ಫೋನಿನ ಬೆಳಕಿನಾಗ ಓದಿದರು,
ಬೇತ್ಸಾಯಿದದ ಕುರುಡನ ಸುದ್ದಿ.
ಕರ್ತ ಅವನ ಕೈ ಹಿಡಿದು ಊರ ಹೊರಗ ಒಯ್ದನಂತ,
ಕಣ್ಣಿಗೆ ಉಗುಳು ಹಚ್ಚಿ ಕೇಳಿದನಂತ,
ಏನಾರ ಕಾಣಸ್ತದೇನು?
ನಾ ಬೆಂಚಿನ ಮ್ಯಾಲ ಸೆಟದು ಕುಂತೆ.
ಕೇಳಿದನ? ಎಲ್ಲಾ ಬಲ್ಲಾತ, ಕೇಳಿದನ?
ನಮ್ಮ ಅಂಗಡ್ಯಾಗಿನ ಪ್ರಶ್ನಿ ಅಲ್ಲೇನು ಅದು!
ಕುರುಡಾ ಅಂದ: ಮಂದಿ ಕಾಣಸ್ತಾರ,
ಆದರ ಗಿಡದಂಗ, ತಿರಗ್ಯಾಡೂ ಗಿಡದಂಗ.
ಸುಳ್ಳು ಹೇಳಲಿಲ್ಲ ನೋಡ್ರಿ ಆತ.
ಎದುರಿಗಿದ್ದವರಿಗೆ ಬ್ಯಾಸರಾದೀತು ಅಂತ
‘ಛಲೋ ಕಾಣಸ್ತದ’ ಅಂದು
ತಪ್ಪು ನಂಬರು ಒಯ್ಯೂ ಮಂದಿ ಎಷ್ಟು ಕಂಡೀನಿ.
ಕರ್ತ ಇನ್ನೊಮ್ಮೆ ಕೈ ಇಟ್ಟ.

ಮುಂದ ಅಯ್ಯನವರು ಏನಂದರೋ ಗೊತ್ತಿಲ್ಲ.
ಗಿಡ. ಗಿಡಕ್ಕ ನೀರು ಹಾಕಿದಂಗ.
ಕತ್ತಲ್ಯಾಗ ಮನೀಗೆ ನಡಕೋತ ಬಂದೆ,
ಮಾತು ಕೊಡು ಅನ್ನಲಿಲ್ಲ ಅವತ್ತು.
ಇನ್ನೊಮ್ಮೆ, ಅಂದೆ. ನನ್ನ ಕಣ್ಣಿಗೆ. ಇನ್ನೊಮ್ಮೆ.

ಸ್ಟೂಲ್ ಎಳಕೊಂಡು ಕುಂತು
ಇವರ ಎಡಗೈ ನನ್ನ ಕೈಯಾಗ ತಗೊಂಡೆ.
ಒಮ್ಮೆ ಒತ್ತಿದರ ಇದು, ಎರಡು ಸಲ ಒತ್ತಿದರ ಅದು.
ನೀಲಿ ಅಂಗಿಯೋ, ಬಿಳೀದೋ? ಎರಡು.
ಗಂಜಿಯೋ, ಹಾಲಾಗ ಮಿದ್ದ ರೊಟ್ಟಿಯೋ? ಎರಡು.
ಫೋನಿನ ಪ್ರಸಂಗ ಇರಲೋ, ಬ್ಯಾಡೋ?
ಎರಡು. ಮತ್ತ ಎರಡು.
ಮತ್ತ ಎರಡು, ಉಗುರು ನಡೂಹಂಗ.
ಹನ್ನೊಂದು ತಿಂಗಳ ಸಿಟ್ಟು
ಆ ಒಂದು ಕೈಯಾಗ ಕೂಡಿ ಬಿದ್ದಿತ್ತು.
ನಗಬೇಕೋ ಅಳಬೇಕೋ, ಅದನ್ನೂ ಇವರನ್ನೇ ಕೇಳಬೇಕಿತ್ತು.

ಫೋನ್ ಬಂದ್ ಮಾಡಿದೆ.
ಓಣ್ಯಾಗ ಟಾಂಗಾ ಒಂದು ಹೋಯ್ತು,
ಕುದುರಿಗೆ ಒಂದು ಲಾಳ ಸಡಲಾಗಿತ್ತು.
ಟಕ್, ಟಕ್, ಟಕ್, ಚಣ್.
ಇವರು ಅದನ್ನ ತಿರುವಿನ ತನಕ ಕೇಳಿದರು.
ಅರ್ಧ ಮಾರಿ ನಕ್ಕಿತು.

ಮಾತು ಇನ್ನೂ ಬಂದಿಲ್ಲ.
ನನ್ನ ನಂಬರೂ ಪೂರ್ತಿ ಕೂತಿಲ್ಲ;
ದಣಿದ ದಿನ ಮತ್ತ ಗಿಡನೇ ಕಾಣಸ್ತದ.
ನಿನ್ನಿ ರಾತ್ರಿ ದೀಪ ತೆಗೆದ ಮ್ಯಾಲ
ನಾ ಏನೂ ಕೇಳಿರಲಿಲ್ಲ,
ಇವರೇ ನನ್ನ ಕೈ ಹುಡುಕಿ
ಮೂರು ಸಲ ಒತ್ತಿದರು.

ಮೂರಕ್ಕ ನಾವು ಇನ್ನೂ ಏನೂ ಗೊತ್ತು ಮಾಡಿಲ್ಲ.