ಕುಲಾವಿ

ಇಪ್ಪತ್ತೆರಡು ವಾರ ತುಂಬಿದರೆ ಬಾಗಿಲು ಮುಚ್ಚುತ್ತಾರಂತೆ.
ನನಗೀಗ ಇಪ್ಪತ್ತೊಂದು, ಮೇಲೆ ನಾಲ್ಕು ದಿನ.
ಥೊಂಗ್ಯೊಂಗ್ ಬಂದರಿನ ಎದುರು
ಒಣಮೀನಿನ ಅಂಗಡಿಯ ಮಾಳಿಗೆ;
ವಿಮೆಯ ಗು ಮ್ಯೊಂಗ್-ಸುಕ್ ಕನ್ನಡಕ ಒರೆಸಿಕೊಂಡು
ಕಾಗದಗಳನ್ನು ಇಸ್ಪೀಟಿನೆಲೆಯಂತೆ ಹರವಿ ಕೇಳುತ್ತಾಳೆ:
"ಮೂವತ್ತು ವರ್ಷದ್ದೋ, ನೂರು ವರ್ಷದ್ದೋ?"

ನೂರು!
ನಿನ್ನೆ ಸ್ಕ್ಯಾನಿನ ಪರದೆಯಲ್ಲಿ
ಒಂದು ಗೇಣಿನಷ್ಟು ಮಂಜು,
ಮಂಜಿನೊಳಗೆ ಸೀಗಡಿಯಂಥ ಬೆನ್ನು.
ಅದರ ನೂರನೆಯ ವರ್ಷದ ಮಂಡಿನೋವಿಗೆ
ನಾನೀಗ ರುಜು ಹಾಕಬೇಕು.
"ಆಗ ನಾನಿರುವುದಿಲ್ಲವಲ್ಲ" ಎಂದೆ.
"ನಾನೂ ಇರೋದಿಲ್ಲ," ಅಂದಳು, "ಕಂಪನಿ ಇರುತ್ತೆ."
ನಗಲಿಲ್ಲ.

ನೂರಕ್ಕೆ ತಿಂಗಳಿಗೆ ಎಪ್ಪತ್ತೆಂಟು ಸಾವಿರ ವೊನ್,
ಮೂವತ್ತಕ್ಕೆ ನಲವತ್ತೊಂದು.
ಪಕ್ಕದಲ್ಲಿ ಅತ್ತೆ ಸುಮ್ಮನೆ ಕೂತಿದ್ದಾರೆ,
ಹೆಬ್ಬೆರಳು ಮಾತ್ರ ಅಲುಗುತ್ತಿದೆ:
ಸಿಂಪಿ ಬಿಡಿಸುವ ಕೈ, ಮೂವತ್ತೈದು ಚಳಿಗಾಲದ್ದು,
ಲೆಕ್ಕವನ್ನೂ ಚಿಪ್ಪು ಸೀಳಿಯೇ ತೆಗೆಯುತ್ತದೆ.
"ನಡುವಿನ ಅಂತರ ಹತ್ತು ಕಿಲೊ," ಅಂದರು ಕೊನೆಗೆ.

ಪುಟ ತಿರುವಿದೆ.
ಬೇನೆಗಳ ಹೆಸರು, ಬರೀ ಹೆಸರು,
ನಾಮಕರಣಕ್ಕೆಂದು ಹಿರಿಯರು ಬರೆದು ಕಳಿಸಿದ ಪಟ್ಟಿಯ ಹಾಗೆ,
ಒಂದನ್ನಾದರೂ ಆರಿಸಿಕೋ ಎನ್ನುವ ಹಾಗೆ.
ಸೀಳುತುಟಿ. ಹೃದಯದ ಗೋಡೆಯಲ್ಲಿ ರಂಧ್ರ.
ಗಾಜಿನ ಪೆಟ್ಟಿಗೆಯಲ್ಲಿಡುವ ಒಂದೊಂದು ದಿನಕ್ಕೆ ಇಷ್ಟು.
ಕಾಮಾಲೆ. ಸುಟ್ಟಗಾಯ, ಅಂಗೈಯಗಲ ಮೀರಿದರೆ.
ಓದುತ್ತ ಓದುತ್ತ ಹೊಟ್ಟೆಯ ಮೇಲೆ ಕೈ ಮುಚ್ಚಿಕೊಂಡೆ,
ಅದಕ್ಕೆ ಕೇಳಿಸಬಾರದೆಂದು.

ಆಮೇಲೆ ಪ್ರಶ್ನೆಗಳು.
"ಇದು ಎಷ್ಟನೆಯ ಬಸಿರು?"
ಎರಡು.
"ಹೆರಿಗೆ?"
ಸೊನ್ನೆ.
ಆಕೆಯ ಪೆನ್ನು ಒಂದು ಗಳಿಗೆ ನಿಂತು
ಸೊನ್ನೆಯನ್ನು ಬಹಳ ದುಂಡಗೆ ಬರೆಯಿತು.

ಆ ಸಲ ಅತ್ತೆ ಹೇಳಿದ್ದರು, ಏನನ್ನೂ ಕೊಳ್ಳಬೇಡ;
ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬಾರದು.
ಹೊಲಿಯಲಿಲ್ಲ.
ಕಾಲುಚೀಲ ಕೊಳ್ಳಲಿಲ್ಲ, ಹೊಟ್ಟೆಹೆಸರು ಇಡಲಿಲ್ಲ,
ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.
ಒಂಬತ್ತು ವಾರ ಅಷ್ಟು ಎಚ್ಚರದಿಂದ ಕಾಯ್ದೆವು.
ಹೋಗುವುದು ಹೋಯಿತು,
ಕರೆದು ಅಳಲಿಕ್ಕೂ ಒಂದು ಹೆಸರಿಲ್ಲದೆ.

ಈ ಸಲದ್ದು ದೊತೊರಿ. ಓಕ್ ಮರದ ಪುಟ್ಟ ಕಾಯಿ,
ತಲೆಯ ಮೇಲೆ ಟೋಪಿ ಹೊತ್ತೇ ಹುಟ್ಟುವಂಥದ್ದು.
ಸೊಕ್-ಗ್ಯು ಇಟ್ಟದ್ದು, ಹಡಗುಕಟ್ಟೆಯ ಕ್ರೇನಿನ ಮೇಲಿಂದ, ಫೋನಿನಲ್ಲಿ.
ಆದರೆ ಹೆಸರಿನ ಚೌಕದಲ್ಲಿ ಮ್ಯೊಂಗ್-ಸುಕ್ ಬರೆದದ್ದು 'ಭ್ರೂಣ'.
"ಹುಟ್ಟಿದ ಮೇಲೆ ತಿದ್ದೋಣ. ಈಗ ನಿಯಮ ಇಷ್ಟೇ."

ಕೊನೆಯ ಪುಟದ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ:
ಮಗು ಆಟದಲ್ಲಿ ನೆರೆಮನೆಯ ಕಿಟಕಿಯ ಗಾಜು ಒಡೆದರೆ
ಅದರ ಖರ್ಚು.
ಮತ್ತೆ ಓದಿದೆ.
ಅಷ್ಟೂ ಪುಟಗಳಲ್ಲಿ ಮಲಗಿಯೇ ಇದ್ದದ್ದು
ಇಲ್ಲಿ ಎದ್ದು ನಿಂತಿದೆ.
ಮಂಡಿಗೆ ಮಣ್ಣು ಮೆತ್ತಿಕೊಂಡು, ಕೈಯಲ್ಲಿ ಚೆಂಡೋ ಕಲ್ಲೋ,
ಫಳಾರ್ ಎಂದ ಮೇಲೆ ಓಡಲೋ ನಿಲ್ಲಲೋ ಎಂದು
ನನ್ನ ಕಡೆ ನೋಡುತ್ತಿದೆ.

"ಮೂವತ್ತು ಸಾಕು," ಅಂದೆ. "ಆಚೆಯ ಎಪ್ಪತ್ತನ್ನು ಅದೇ ಆರಿಸಿಕೊಳ್ಳಲಿ."
ರುಜು ಹಾಕುವಾಗ ಅತ್ತೆ ಬಾಗಿ, ಮೆಲ್ಲಗೆ,
"ಆ ಗಾಜಿನದು ಸೇರಿದೆ ತಾನೇ?"

ಉಡುಗೊರೆಯೆಂದು ಕೊಟ್ಟ ಮಗುವಿನ ಸ್ನಾನದ ತೊಟ್ಟಿಯನ್ನು
ತಲೆಯ ಮೇಲೆ ಬೋರಲು ಹೊತ್ತು ಅತ್ತೆ ಮುಂದೆ ಇಳಿದರು.
ಕೆಳಗೆ ಒಣಮೀನಿನ ಅಂಗಡಿಯ ಮುಂದೆ ನಿಂತು
ಅದರ ಗಾಜನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡಿದರು,
ಎಷ್ಟು ದಪ್ಪವೆಂದು.