ಅಬ್ಬಿಗೆ ಬೆನ್ನು ಹಾಕಿ

ಕಾರವಾರ ಡಿಪೋದ ನಾವು ಹದಿನೇಳು ಜನ.
ಒಂದೇ ದಿನ ರಜೆ ಸಿಕ್ಕಿದ್ದೊಂದು ಸೋಜಿಗ,
ಬಸ್ಸಿನವರು ಬಾಡಿಗೆ ಟೆಂಪೊ ಹತ್ತಿ
ಶಿರಸಿಯ ಕಡೆ ಹೊರಟದ್ದು ಇನ್ನೊಂದು.
ದೇವಿಮನೆ ಘಟ್ಟದುದ್ದಕ್ಕೂ, ನನ್ನ ಪಕ್ಕದಲ್ಲಿ
ಡ್ರೈವರ್ ಪೆಡ್ನೇಕರರ ಬಲಗಾಲು
ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು.

ಡಾಂಬರು ಮುಗಿದಲ್ಲಿ ಕಾಯುತ್ತಿದ್ದಳು ಹೊನ್ನಿ ಗೌಡ.
ಹೆಗಲಲ್ಲಿ ಹಗ್ಗದ ಸುರುಳಿ, ಕೈಯಲ್ಲಿ
ಗ್ರಾಮ ಅರಣ್ಯ ಸಮಿತಿಯ ರಸೀದಿ ಪುಸ್ತಕ.
ತಲೆಗೊಂದರಂತೆ ಹರಿದು ಕೊಟ್ಟಳು.
ಹತ್ತೊಂಬತ್ತು ವರ್ಷ,
ಮೊದಲು ಹರಿದು, ಆಮೇಲೆ ಮಿಷಿನ್ನು ಒತ್ತಿ
ಊರಿಗೆಲ್ಲ ಚೀಟಿ ಕೊಟ್ಟ ನನ್ನ ಬೆರಳಿಗೆ
ಚೀಟಿ ಇಸಿದುಕೊಳ್ಳುವುದು ಮರೆತುಹೋಗಿತ್ತು.
ಮಡಚಿ ವಾಚಿನ ಪಟ್ಟಿಗೆ ಸಿಕ್ಕಿಸಿದೆ,
ಯಾರೋ ತಪಾಸಣೆಗೆ ಬರುವವರಿದ್ದಾರೆ ಎಂಬಂತೆ.

ಮುಂದೆ ಬಸ್ತ್ಯಾಂವ ಸಿದ್ದಿ,
ಕತ್ತಿಯ ತುದಿಯಲ್ಲಿ ಬೆತ್ತದ ಮುಳ್ಳನ್ನು
ಬಾಗಿಲ ಪರದೆಯ ಹಾಗೆ ಸರಿಸುತ್ತ.
ಎಲ್ಲರ ಹಿಂದೆ ಹೊನ್ನಿ.
ತಿರುವಿಗೊಮ್ಮೆ ನಿಲ್ಲಿಸಿ ಎಣಿಸುತ್ತಿದ್ದಳು,
ತುಟಿ ಆಡಿಸದೆ, ಬೆರಳು ಎತ್ತದೆ.
ನಾನೂ ಹಾಗೆಯೇ ಎಣಿಸುವುದು.

ಮೆಕ್ಯಾನಿಕ್ ರುಜಾರನ ಮೀನಖಂಡಕ್ಕೆ ಉಂಬಳ.
"ಟಿಕೆಟ್ಟಿಲ್ಲದೆ ಹತ್ತಿದೆ, ಇಳಿಸಿ" ಎಂದೆ ನಾನು.
ಬಸ್ತ್ಯಾಂವ ನಗದೆ ಸುಣ್ಣ ಮುಟ್ಟಿಸಿದ.
"ಇನ್ನೆಷ್ಟು ದೂರ?" ಕೇಳಿದರೆ
"ಅಡ್ಡಿಲ್ಲ, ಇಲ್ಲೇ, ಒಂದು ಕೂಗು."
ಆ ಕೂಗಿನೊಳಗೆ ಎರಡು ಹಳ್ಳ, ಒಂದು ಏರು,
ಹರಿಕಂತ್ರ ವಿಠ್ಠಲನ ಚಪ್ಪಲಿಯ ಉಂಗುಷ್ಠ,
ಬುತ್ತಿಯ ಅರ್ಧ ಅವಲಕ್ಕಿ.

ಮೊದಲು ಬಂದದ್ದು ಸದ್ದಲ್ಲ, ತಂಪು.
ಆಮೇಲೆ ಕಾಲಡಿಯ ಬಂಡೆಯಲ್ಲಿ ಸಣ್ಣ ನಡುಕ,
ನಿಂತ ಬಸ್ಸಿನ ಎಂಜಿನ್ನು ಬಂದ್ ಮಾಡದಿದ್ದರೆ
ಸೀಟಿನ ಸರಳಿಗೆ ಬರುತ್ತದಲ್ಲ, ಅದು.
ಆಮೇಲೆ ಅಬ್ಬಿ.
ಹೇಗಿತ್ತು ಎಂದು ಬರೆಯಲು ಹೋಗುವುದಿಲ್ಲ.
ಹದಿನೇಳು ಬಾಯಿ ತೆರೆದವು,
ಒಂದರಿಂದಲೂ ಮಾತು ಬರಲಿಲ್ಲ; ಬಂದಿದ್ದರೂ ಕೇಳಿಸುತ್ತಿರಲಿಲ್ಲ.

ಹೊನ್ನಿ ಮಾತ್ರ ಅಬ್ಬಿಗೆ ಬೆನ್ನು ಹಾಕಿ
ಒದ್ದೆ ಬಂಡೆಯ ತುದಿಯಲ್ಲಿ ನಿಂತಿದ್ದಳು.
ಅಷ್ಟೆತ್ತರದ ನೀರು ಅವಳ ಹೆಗಲ ಹಿಂದೆ ಬೀಳುತ್ತಿದ್ದರೆ
ಅವಳ ಕಣ್ಣು ಪೆಡ್ನೇಕರರ ಹಿಮ್ಮಡಿಯ ಮೇಲೆ,
ಸೆಲ್ಫಿಗೆಂದು ಹಿಂದೆ ಹಿಂದೆ ಸರಿಯುವ ಹುಡುಗನ ಮೇಲೆ,
ಪಾಚಿ ಕಟ್ಟಿದ ಕಲ್ಲಿನ ಮೇಲೆ.

ಹತ್ತಿರ ಹೋಗಿ ಕಿವಿಗೆ ಕೂಗಿದೆ:
"ನೀನು ನೋಡೂದಿಲ್ವನೇ?"
"ನಾ ನೋಡೂದು ನಿಮ್ಮ ಕಾಲು" ಎಂದಳು.
"ನೀರನ್ನ ನೋಡಿಕೊಳ್ಳೂಕೆ ನೀರಿದೆ."

ನನಗೆ ನನ್ನ ಘಟ್ಟ ನೆನಪಾಯಿತು.
ದಿನಕ್ಕೆರಡು ಬಾರಿ, ಮುಂದಿನ ಗಾಜಿಗೆ ಬೆನ್ನು ಕೊಟ್ಟು,
ಕಂಬಕ್ಕೆ ಸೊಂಟ ಆನಿಸಿ ನಿಂತವಳು ನಾನು.
ಯಾವ ತಿರುವಿನಲ್ಲಿ ಯಾರು ವಾಂತಿ ಮಾಡುತ್ತಾರೆ ಗೊತ್ತು,
ಯಾವ ತಿರುವಿನಲ್ಲಿ ಯಾವ ಮರವೋ ಗೊತ್ತಿಲ್ಲ.

"ತಿರುಗು" ಎಂದೆ. "ಎರಡು ನಿಮಿಷ ನಾನು ಕಾಯ್ತೆ.
ಹದಿನಾರು ತಲೆ. ನನಗೆ ಇದೇ ಕೆಲಸ."
ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು,
ಚಪ್ಪಲಿಯ ಹಿಡಿತವನ್ನೂ ನೋಡಿ,
ಹೊನ್ನಿ ತಿರುಗಿದಳು.

ಅವಳ ಬೆನ್ನಷ್ಟೇ ಕಂಡದ್ದು ನನಗೆ, ಅದೂ ಓರೆಯಲ್ಲಿ.
ಹಗ್ಗದ ಸುರುಳಿ ಸ್ವಲ್ಪ ಇಳಿಯಿತು.
ಸೆರಗಿನ ತುದಿ ತುಂತುರಿಗೆ ನೆನೆಯಿತು.
ಎರಡು ನಿಮಿಷವೂ ಆಗಿರಲಿಕ್ಕಿಲ್ಲ.
"ಹೋದ ವಾರಕ್ಕಿಂತ ಗೇಣು ಇಳಿದದೆ" ಎಂದು
ಮರಳಿ ತಿರುಗಿದಳು,
ಎಣಿಸಿದಳು, ನನ್ನನ್ನೂ ಸೇರಿಸಿ.

ವಾಪಸು ಬರುವಾಗ ಕಿಟಕಿಯ ಸೀಟು ಕೇಳಿ ಪಡೆದೆ,
ಈ ಸಲವಾದರೂ ಘಟ್ಟ ನೋಡಿಬಿಡೋಣವೆಂದು.
ಆದರೆ ಅಷ್ಟರಲ್ಲಿ ಕತ್ತಲು.
ಗಾಜಿನಲ್ಲಿ ಘಟ್ಟವಿರಲಿಲ್ಲ;
ಒಳಗಿನ ದೀಪಕ್ಕೆ ಜೋಲುತ್ತಿದ್ದ ನಮ್ಮದೇ ತಲೆಗಳು,
ನಿದ್ದೆಯಲ್ಲೂ ಬ್ರೇಕು ತುಳಿಯುವ ಪೆಡ್ನೇಕರರು.
ತುಟಿ ಆಡಿಸದೆ, ಬೆರಳು ಎತ್ತದೆ ಎಣಿಸಿದೆ.
ಸರಿ ಇತ್ತು.
"ರೈಟ್" ಎಂದೆ,
ಯಾರಿಗೂ ಕೇಳದಷ್ಟು ಮೆಲ್ಲಗೆ.