ಎನಿಡಳ ಕಾಲು ಇಂಚು

ಬುಧವಾರ. ಮೂಂಟಾ ಊರಿನ ಹಳೇ ಚರ್ಚಿನ ಹಿಂಬದಿ ಕೋಣೆ.
ತಗಡಿನ ಮಾಡಿಗೆ ಕಡಲಗಾಳಿ ಮರಳು ಎರಚುತ್ತದೆ.
ಆರು ಹೊಲಿಗೆಯಂತ್ರ, ಒಂದು ಇಸ್ತ್ರಿಮೇಜು,
ಮೂಗಿನ ತುದಿಗಿಳಿದ ಮರ್ಲ್ ಟ್ರೆಂಬಾತ್‌ಳ ಕನ್ನಡಕ.

"ಮೂರು ಪಟ್ಟಿ ಕತ್ತರಿಸು, ಒಂದೂವರೆ ಇಂಚಿನವು.
ಹೊಲಿ. ಇಸ್ತ್ರಿ ಒತ್ತು. ನಡುವಿನದನ್ನು ಅಳೆ.
ಸರಿಯಾಗಿ ಒಂದು ಇಂಚು ಬರಬೇಕು. ಬಂತೇ?"
ಬರಲಿಲ್ಲ.
ಅಂಚಿನಿಂದ ಕಾಲು ಇಂಚಿಗೇ ಹೊಲಿದಿದ್ದೆ, ಆಣೆ ಮಾಡಿ ಹೇಳುತ್ತೇನೆ.
"ಮಡಿಕೆ ತಿಂದಿತು," ಅಂದಳು. "ಬಟ್ಟೆ ಮಗ್ಗುಲಾಗುವಾಗ
ಅದಕ್ಕೂ ಚೂರು ಜಾಗ ಬೇಕಲ್ಲ.
ಕಾಲು ಇಂಚಿಗೆ ಒಂದೆಳೆ ಕಡಿಮೆಯೇ ಹೊಲಿ."

ಸುಗ್ಗಿಯಲ್ಲಿ ನಾನು ವಾಲರೂ ಬಂದರಿನ ತೂಕದಕಟ್ಟೆಯ ಮೇಲೆ
ಬಾರ್ಲಿ ಲಾರಿ ತೂಗುವವಳು:
ತುಂಬಿದ್ದು, ಖಾಲಿ; ತುಂಬಿದ್ದು, ಖಾಲಿ.
ಇಪ್ಪತ್ತು ಕಿಲೋ ಆಚೀಚೆಯಾದರೆ ಯಾರೂ ಕೇಳುವುದಿಲ್ಲ.
ಇಲ್ಲಿ ಕೂದಲೆಳೆಗೆ ಪಂಚಾಯಿತಿ.

ಗಜೇಂದ್ರಗಡದಲ್ಲಿ ಕೌದಿ ಹೊಲಿಯುತ್ತಿದ್ದ ಫಕೀರವ್ವನ ಕಥೆ ಹೇಳಿದೆ.
ಅಳತೆಪಟ್ಟಿ ಮುಟ್ಟಿದವಳಲ್ಲ, ಗಿಡ್ಡವಾದಲ್ಲಿ
ಮೇಲೊಂದು ತುಂಡು, ಅದರ ಮೇಲೆ ಇನ್ನೊಂದು.
ಮರ್ಲ್ ಪೂರ್ತಿ ಕೇಳಿ, "ಆಕೆಗೆ ಮೂಲೆ ಕೂಡಿಸುವ
ಗರಜಿರಲಿಲ್ಲ," ಅಂದಳು.
ಅದೂ ನಿಜವೇ.

ಜೂನಿನಲ್ಲಿ ಎನಿಡ್ ಪೋಲ್ಕಿಂಗ್‌ಹಾರ್ನ್ ತೀರಿಕೊಂಡಳು.
ಮಗಳು ತಂದಿಟ್ಟ ಬಿಸ್ಕತ್ತಿನ ಡಬ್ಬಿಗಳಲ್ಲಿ
ನಲವತ್ತೊಂದು ಚೌಕ, ಒಂದೊಂದಕ್ಕೆ ಹದಿನಾರು ತುಂಡು,
ಹಳೆಯ ಅಂಗಿಗಳ ನೀಲಿ, ಪರದೆಯ ಹಳದಿ.
ಅರವತ್ತನಾಲ್ಕು ಬೇಕು. ಉಳಿದ ಇಪ್ಪತ್ತಮೂರು
ಹಂಚಿಕೊಂಡೆವು, ಹೊಲಿದೆವು, ತಂದು ಪಕ್ಕಕ್ಕಿಟ್ಟೆವು.
ಕೂಡಲಿಲ್ಲ.
ನಮ್ಮವು ಎಂಟೂವರೆ ಇಂಚು, ಚಾಕುವಿನಲ್ಲಿ ಕೊಯ್ದಂತೆ.
ಅವಳವು ಒಂದೂವರೆ ನೂಲು ಗಿಡ್ಡ.
ನಲವತ್ತೊಂದರಲ್ಲಿ ಒಂದೂ ತಪ್ಪದೆ ಅಷ್ಟೇ ಗಿಡ್ಡ.

ಬಿಚ್ಚೋಣ ಅಂದಳು ಡ್ಯಾಫ್ನಿ, ಕೊಕ್ಕೆಯನ್ನು
ಬಿಚ್ಚುಗತ್ತಿಯಂತೆ ಹಿಡಿದು.
ಮರ್ಲ್ ಒಂದು ಚೌಕ ಬೋರಲು ಹಾಕಿ
ಬೆನ್ನಿನ ಹೊಲಿಗೆಗುಂಟ ಹೆಬ್ಬೆರಳು ಆಡಿಸಿದಳು,
ಇಸ್ತ್ರಿಪೆಟ್ಟಿಗೆ ತಣ್ಣಗಾಗುವವರೆಗೆ.
"ಅವಳ ಯಂತ್ರದ ಪಾದ ಒಂದೆಳೆ ಅಗಲ.
ನಲವತ್ತು ವರ್ಷ ಅದರ ಅಂಚಿಗೇ ಹೊಲಿದಳು."
ಗೊತ್ತಿತ್ತೇ ನಿನಗೆ?
"ಹೂಂ."
ಮತ್ತೆ ಹೇಳಲಿಲ್ಲವೇಕೆ?
"ಅವಳದು ಅವಳದಕ್ಕೆ ಕೂಡುತ್ತಿತ್ತಲ್ಲ."

ಎದ್ದು ಬಂದು ನನ್ನ ಯಂತ್ರದ ತಟ್ಟೆಗೆ ಅಂಟಿಸಿದ
ಗುರುತಿನ ಟೇಪನ್ನು ಉಗುರಿಂದ ಎಬ್ಬಿಸಿ
ಎಳೆಯಷ್ಟು ಆಚೆ ಸರಿಸಿದಳು.
ಆಮೇಲೆ ಡ್ಯಾಫ್ನಿಯದು. ಆಮೇಲೆ ಉಳಿದವರದು.

ಬಿಚ್ಚಿದ್ದು ನಮ್ಮವನ್ನು.
ಸರಿಯಾಗಿದ್ದ ಇಪ್ಪತ್ತಮೂರನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ,
ಸೂಜಿಯ ಹಳೆಯ ತೂತುಗಳ ಪಕ್ಕದಲ್ಲೇ
ಅವಳ ತಪ್ಪನ್ನು ಹೊಲಿಯಲು ಕೂತೆವು.
ಸರಿ ಹೊಲಿಯುವುದಕ್ಕಿಂತ ಕಷ್ಟ.
ಕೈ ತನ್ನ ರೂಢಿಗೆ ಜಾರುತ್ತದೆ, ಮರ್ಲ್ ಗದರುತ್ತಾಳೆ:
"ಅದು ನಿನ್ನ ಕಾಲು ಇಂಚು. ಎನಿಡಳದು ಹೊಲಿ."

ಆಗಸ್ಟಿನ ಕೊನೆಗೆ ಹಾಸಿ ನೋಡಿದೆವು.
ಅರವತ್ತನಾಲ್ಕು ಮೂಲೆಗೂಟ, ಒಂದೂ ಕದಲಿರಲಿಲ್ಲ;
ಅಥವಾ ಒಂದು ಕದಲಿತ್ತು, ಅದು ನನ್ನದು,
ಹಳದಿಯ ಮೇಲೆ ಯಾರೂ ಕಾಣರು.
ಅಡ್ಡಕ್ಕೆ ಮೂವತ್ತೊಂದು ಹೊಲಿಗೆ, ಉದ್ದಕ್ಕೂ ಅಷ್ಟೇ,
ಎಳೆ ಎಳೆ ಸೇರಿ ಎರಡಿಂಚು ಕಮ್ಮಿ.

ಮಗಳು ಮೊರ್ವೆನ್ನಾ ಆರಡಿಯ ಆಳು.
ಬೂಟು ಕಳಚಿ ಕೋಣೆಯ ನೆಲದ ಮೇಲೇ ಮಲಗಿ
ಗಲ್ಲದವರೆಗೆ ಹೊದ್ದಳು. ಬೆರಳು ಹೊರಗುಳಿದವು.
ನಮ್ಮ ಮಾತಲ್ಲಿ ಅದಕ್ಕೂ ಇದಕ್ಕೂ ಒಂದೇ ಶಬ್ದ ಅಂದೆ: ಕಾಲು.
ಹಾಸಿಗೆ ಇದ್ದಷ್ಟು ಎಂಬ ಗಾದೆ ವಿವರಿಸಹೋಗಿ
ಇಂಗ್ಲಿಷಿನಲ್ಲಿ ನಡುದಾರಿಗೇ ಸೋತೆ.
"ಕಾಲು," ಅಂದಳು ಮರ್ಲ್, ಟೀ ಆರಿಸುತ್ತ. "ಕಾಲು."
ಮೊರ್ವೆನ್ನಾ ಏಳಲಿಲ್ಲ.
ಹಸಿರು ಕಾಲುಚೀಲದೊಳಗೆ ಬೆರಳು ಆಡಿಸುತ್ತ
ಮಾಡು ನೋಡುತ್ತಿದ್ದಳು.

ಟೇಪು ಹಿಂದಕ್ಕೆ ಸರಿಸಬೇಕು.
ಎರಡು ಬುಧವಾರ ಆಯಿತು.